ಸುಣ್ಣದ ನೆಲದಲ್ಲಿ ಮರದ ಮೇಲಿನ ಹೂ

ಭೀಮಾ ಕಣಿವೆಯ ವಾಡಿಯಲ್ಲಿ ಕೂಲರಿನ ಹುಲ್ಲು ಒಂದು ಬೇಸಗೆ ಕಳೆಯುವಷ್ಟರಲ್ಲಿ ಕಲ್ಲಾಗುತ್ತದೆ. ಮಾರ್ಚಿನಲ್ಲಿ ಹೊಸದಾಗಿ ತುಂಬಿಸಿದ್ದು ಜೂನಿನ ಹೊತ್ತಿಗೆ ಬೆಳ್ಳಗೆ ಗಟ್ಟಿಯಾಗಿ, ಹಿಡಿದು ಮುರಿದರೆ ಲಟಲಟ ಒಡೆಯುತ್ತದೆ. ಚಹದ ಪಾತ್ರೆಯ ತಳ, ನಲ್ಲಿಯ ಬಾಯಿ, ಗೀಸರಿನ ಹೊಟ್ಟೆ, ಎಲ್ಲ ಕಡೆ ಅದೇ ಬಿಳಿ ಪದರ. ಅದಕ್ಕೆ ಬೈಯುವುದನ್ನೂ ನಮ್ಮ ಮಂದಿ ಬಿಟ್ಟಿದ್ದಾರೆ. ಸಿಮೆಂಟ್ ಕಾರ್ಖಾನೆಯ ಕಾಲನಿಯ ಯಾರಾದರೂ ಹೈದರಾಬಾದಿನಿಂದ ತಂದ ಆರ್ಕಿಡ್ ಕುಂಡ ಹಿಡಿದುಕೊಂಡು, "ಟೀಚರ್ರೀ, ದಿನಾ ನೀರ್ ಹಾಕ್ತೀನ್ರಿ, ಆದ್ರೂ ಯಾಕೋ ಒಣಗಲಿಕತ್ತದ" ಎಂದು ಬಾಗಿಲಿಗೆ ಬಂದರೆ ನಾನು ಮೊದಲು ಹುಡುಕುವುದು ಆ ಪದರವನ್ನೇ. ಅದು ಕುಂಡದ ಅಂಚಿನಲ್ಲಿ, ತೆಂಗಿನ ನಾರಿನ ಮೇಲೆ, ಬೇರಿನ ಮೈಮೇಲೆ ಕುಳಿತಿರುತ್ತದೆ. ಎಲೆ ಸುಕ್ಕುಗಟ್ಟಿದ್ದರೂ ಕುಂಡ ತೊಯ್ದೇ ಇರುತ್ತದೆ. ನೀರು ಬೇಕಾದಷ್ಟಿದೆ, ಕುಡಿಯಲು ಬೇರು ಉಳಿದಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಸೊರಗಿದ ಗಿಡಕ್ಕೆ ಔಷಧಿ ಕೇಳಿ ಬಂದವರಿಗೆ ಒಂದು ಊರಿನ ಇತಿಹಾಸವನ್ನೇ ಹೇಳಲು ಕೂರುತ್ತೇನೆ ಎಂದು ಮನೆಯವರು ನಗುತ್ತಾರೆ. ಹೇಳದೆ ದಾರಿಯಿಲ್ಲ. ಪೇಟೆಯ ಪುಸ್ತಕಗಳಲ್ಲಿರುವ ಆರ್ಕಿಡ್ ಆರೈಕೆ ಮಲೆನಾಡಿನದು, ಬೆಂಗಳೂರಿನದು, ಇಲ್ಲವೇ ಇಂಗ್ಲೆಂಡಿನದು. ಶಹಾಬಾದಿನಿಂದ ಸೇಡಂವರೆಗಿನ ಮನೆಗಳಲ್ಲಿ ಆರೈಕೆ ಶುರುವಾಗಬೇಕಾದದ್ದು ಕಾಲ ಕೆಳಗಿನ ಕಲ್ಲಿನಿಂದ.

ಭೀಮಾ ಕಣಿವೆಯ ಈ ನೆಲದಡಿ ಪದರಪದರವಾಗಿ ಸುಣ್ಣಕಲ್ಲು ಮಲಗಿದೆ. ಬೆನ್ನೆಲುಬಿರುವ ಜೀವಿಗಳು ಹುಟ್ಟುವುದಕ್ಕೂ ಮೊದಲು, ಆಳವಿಲ್ಲದ ಕಡಲಿನ ತಳದಲ್ಲಿ ಕೂಡಿದ ಕೆಸರು ಅದು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಗಡಿಯಾಚೆಯ ತಾಂಡೂರು, ಇವೆಲ್ಲ ಆ ಕೆಸರಿನ ಮೇಲೆ ಕಟ್ಟಿದ ಊರುಗಳು. ಮಳೆಯ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಹೊತ್ತು ನೆಲಕ್ಕಿಳಿಯುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಳ್ಳುತ್ತದೆ, ಬೋರ್‌ವೆಲ್ಲಿನಲ್ಲಿ ಗಡಸುನೀರಾಗಿ ಮೇಲೆ ಬರುತ್ತದೆ. ಆರಿಹೋಯಿತೋ, ಕರಗಿದ್ದ ಕಲ್ಲು ಮತ್ತೆ ಕಲ್ಲೇ ಆಗುತ್ತದೆ. ಮಕ್ಕಳಿಗೆ ಇದನ್ನು ಕಲಿಸಲು ನನಗೆ ಪ್ರಯೋಗಾಲಯ ಬೇಕಾಗಿರಲಿಲ್ಲ. ಮನೆಯಿಂದ ಚಹದ ಪಾತ್ರೆ ತರಲು ಹೇಳಿದರೆ ಸಾಕಿತ್ತು.

ಈ ಕಲ್ಲಿನ ಉಪಕಾರ ಸಣ್ಣದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ, ಸುಮಾರು ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿಗಳು ಬೌದ್ಧ ಸ್ತೂಪಕ್ಕೆ ಇದೇ ಸುಣ್ಣಕಲ್ಲಿನ ಚಪ್ಪಡಿ ಹೊದಿಸಿದರು. ಅಶೋಕನ ಹೆಸರು ಕೊರೆದ ಅವನ ಶಿಲ್ಪ ಸಿಕ್ಕಿದ್ದು ಅಲ್ಲಿಯೇ. ಕಲ್ಲಿನ ಕಮಲಗಳ ಎಸಳು ಇಂದಿಗೂ ಎಣಿಸಲು ಬರುತ್ತದೆ. ಉಳಿಗೆ ಮೆತ್ತಗೆ ಒಗ್ಗುವ, ಪದರವಾಗಿ ಸಲೀಸಾಗಿ ಏಳುವ ಗುಣವೇ ಮುಂದೆ ಶಹಾಬಾದಿ ಫರ್ಸಿಗೆ, ಅಂದರೆ ನೆಲಹಾಸಿನ ಚಪ್ಪಡಿಗೆ, ಹೆಸರು ತಂದಿತು. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ರಾಯಚೂರು ಮುಟ್ಟಿತು, 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಆಮೇಲೆ ಫರ್ಸಿಗೆ ದೂರದ ಊರುಗಳ ಅಂಗಳ ತೆರೆಯಿತು. ಕಲ್ಲನ್ನು ಸುಟ್ಟು ಪುಡಿ ಮಾಡುವ ಕಾಲವೂ ಬಂತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅದರೊಳಗೆ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂನವು. ಕಾಗಿಣೆಯ ದಂಡೆಯ ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ.

ಕಾರ್ಖಾನೆಗಳ ಜೊತೆ ಕಾಲನಿ ಬಂತು, ಕಾಲನಿಯ ಜೊತೆ ಕುಂಡದ ಗಿಡ. ಅದಕ್ಕೂ ಮೊದಲು ನಮ್ಮಲ್ಲಿ ಹೂವೆಂದರೆ ಬಾವಿಯ ಹತ್ತಿರದ ತೋಟದ್ದು. ಗುಡಿಗೆ ದತ್ತಿ ಬಿಡುವಾಗ ಹೂದೋಟವನ್ನೂ ಸೇರಿಸಿ ಬಿಡುವ ರೂಢಿ ಹಳೆಯ ಶಾಸನಗಳಲ್ಲಿ ಕಾಣುತ್ತದೆ. ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿದರೆ ಮಲ್ಲಿಗೆ, ಸೇವಂತಿಗೆ, ಕಣಗಿಲೆ ಬರುತ್ತಿದ್ದವು. ಅವೆಲ್ಲ ಮಣ್ಣಿನಲ್ಲಿ ಬೇರಿಟ್ಟ ಗಿಡಗಳು. ನೀರಿನ ಸುಣ್ಣವನ್ನು ಮಣ್ಣು ಒಂದಿಷ್ಟು ತಾನೇ ತಡೆದುಕೊಳ್ಳುತ್ತದೆ. ಕಣಗಿಲೆಗಂತೂ ಗಡಸುನೀರಿನ ಪರಿವೆಯೇ ಇಲ್ಲ.

ಆರ್ಕಿಡ್‌ಗೆ ಆ ತಡೆ ಇಲ್ಲ. ನಾವು ಕುಂಡದಲ್ಲಿಟ್ಟು ಸಾಕುವ ಫ್ಯಾಲೆನಾಪ್ಸಿಸ್, ವ್ಯಾಂಡಾ, ಡೆಂಡ್ರೋಬಿಯಂಗಳ ಕುಲ ಮರದ ಮೇಲೆ ಬದುಕಿದ್ದು. ಅವು ಮರದ ರಸ ಹೀರುವುದಿಲ್ಲ, ತೊಗಟೆಗೆ ಅಂಟಿ ಕೂರುತ್ತವೆ ಅಷ್ಟೆ. ಬೇರಿನ ಹೊರಗೆ ಸತ್ತ ಕೋಶಗಳ ಒಂದು ದಪ್ಪ ಹೊದಿಕೆ ಇರುತ್ತದೆ. ಅದಕ್ಕೆ ವೆಲಾಮೆನ್ ಎನ್ನುತ್ತಾರೆ. ಮಳೆ ಬಿದ್ದ ಕ್ಷಣ ಅದು ನೀರು ಹೀರಿ ಹಸಿರಾಗುತ್ತದೆ, ಗಾಳಿ ಆಡಿದರೆ ಒಣಗಿ ಬೆಳ್ಳಿಬಣ್ಣಕ್ಕೆ ತಿರುಗುತ್ತದೆ. ತೋಯುವುದು, ಒಣಗುವುದು, ಮತ್ತೆ ತೋಯುವುದು, ಇದೇ ಆ ಬೇರಿನ ಬದುಕು. ತುಂಬಿದ ಕುಂಡದಲ್ಲಿ ದಿನವೂ ನೆನೆಸಿಟ್ಟರೆ ಉಸಿರುಕಟ್ಟಿ ಕೊಳೆಯುತ್ತದೆ. ಬೋರಿನ ನೀರು ಹಾಕುತ್ತ ಹೋದರೆ ಹೊದಿಕೆಯ ಮೇಲೆ ಸುಣ್ಣ ಕಟ್ಟುತ್ತದೆ, ಕುಂಡದೊಳಗೆ ಕ್ಷಾರ ಏರುತ್ತದೆ, ಕಬ್ಬಿಣದಂಥ ಪೋಷಕ ಗಿಡದ ಕೈಗೆ ಸಿಗದಂತಾಗಿ ಹೊಸ ಎಲೆ ಹಳದಿಯಾಗಿ ಹುಟ್ಟುತ್ತದೆ.

ಇಷ್ಟು ತಿಳಿದುಕೊಳ್ಳಲು ಬಿಳಿಯರ ನಾಡಿಗೆ ದಶಕಗಳೇ ಹಿಡಿದವು. ಲಂಡನ್ನಿನ ಹ್ಯಾಕ್ನಿಯಲ್ಲಿ ಲಾಡಿಜಸ್ ಮನೆತನದವರು 1812ರ ಸುಮಾರಿಗೆ ಆರ್ಕಿಡ್ ಬೆಳೆಸಿ ಮಾರತೊಡಗಿದರು. ಉಷ್ಣವಲಯದ ಗಿಡವೆಂದರೆ ಕುದಿಯುವ ಕಾಡಿನದು ಎಂಬುದು ಆ ಕಾಲದ ನಂಬಿಕೆ. ಗಾಜಿನ ಮನೆಗೆ ಹಬೆ ತುಂಬಿಸಿ, ಕಿಟಕಿ ಮುಚ್ಚಿ, ಕುಂಡಗಳನ್ನು ಬಿಸಿಯಾದ ತೊಗಟೆಯ ರಾಶಿಯಲ್ಲಿ ಹೂಳುತ್ತಿದ್ದರು. ತಂಪಾದ ಬೆಟ್ಟದಿಂದ ಬಂದದ್ದು, ಒಣ ಕಾಡಿನಿಂದ ಬಂದದ್ದು, ಮಳೆಕಾಡಿನದು, ಎಲ್ಲಕ್ಕೂ ಒಂದೇ ಶಿಕ್ಷೆ. ಇಂಗ್ಲೆಂಡ್ ಆರ್ಕಿಡ್‌ಗಳ ಸ್ಮಶಾನ ಎಂಬ ಮಾತು ತೋಟಗಾರರ ಬಾಯಲ್ಲೇ ಓಡಾಡುವಷ್ಟು ಗಿಡಗಳು ಸತ್ತವು.

1830ರ ದಶಕದಲ್ಲಿ ಚಾಟ್ಸ್‌ವರ್ತ್ ಎಂಬಲ್ಲಿ ಡೆವನ್‌ಶೈರಿನ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಈ ಪದ್ಧತಿ ಬದಲಿಸಿದ. ಕಾವು ಇಳಿಸಿದ, ಗಾಳಿಗೆ ಕಿಟಕಿ ತೆರೆದ, ಬೇರೆ ಬೇರೆ ಹವೆಯ ಗಿಡಗಳಿಗೆ ಬೇರೆ ಬೇರೆ ಮನೆ ಮಾಡಿದ. ಗಿಡಕ್ಕೆ ನೀರು ಸುರಿಯುವ ಬದಲು ನೆಲಕ್ಕೆ, ಓಡಾಡುವ ದಾರಿಗೆ ನೀರು ಹೊಡೆದು ಗಾಳಿಯನ್ನು ತೇವವಾಗಿಡತೊಡಗಿದ. ಬೇಸಗೆಯ ಸಂಜೆ ಅಂಗಳದ ಫರ್ಸಿಗೆ ಎರಡು ಕೊಡ ನೀರು ಹೊಡೆದು ಹೊರಸು ಹಾಕಿಕೊಂಡು ಮಲಗುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಂಡನ್ನಿನ ನೀರೂ ಸೀಮೆಸುಣ್ಣದ ನೆಲದ ಗಡಸುನೀರೇ. ಹಾಗಾಗಿ ಅಲ್ಲಿಯ ಬೆಳೆಗಾರರು ಗಾಜಿನ ಮನೆಯ ಮಾಡಿನಿಂದ ಇಳಿಯುವ ಮಳೆನೀರನ್ನು ಒಳಗೇ ತೊಟ್ಟಿಯಲ್ಲಿ ಹಿಡಿದಿಟ್ಟು ಆರ್ಕಿಡ್‌ಗೆ ಬಳಸಿದರು. ಬೆಂಗಳೂರಿನ ಕಥೆ ಬೇರೆ. ಲಾಲ್‌ಬಾಗಿನಲ್ಲಿ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಾಗ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್‌ಗೆ ಸಿಕ್ಕಿದ್ದು ಸುಮಾರು 900 ಮೀಟರ್ ಎತ್ತರದ ತಂಪು ಹವೆ, ಅಡಿಯಲ್ಲಿ ಸುಣ್ಣವಿಲ್ಲದ ಗಟ್ಟಿ ಶಿಲೆ. ಅಲ್ಲಿಯ ತೋಟಗಾರಿಕೆಯ ಪಾಠಗಳಲ್ಲಿ ನೀರಿನ ಸುಣ್ಣದ ಮಾತು ಎದ್ದು ಕಾಣದಿದ್ದರೆ ಅಚ್ಚರಿಯಿಲ್ಲ. ಗಿಡ ಉಳಿಸುವ ವಿಷಯದಲ್ಲಿ ವಾಡಿಗೆ ಬೆಂಗಳೂರಿಗಿಂತ ಹಳೆಯ ಲಂಡನ್ನೇ ಹತ್ತಿರದ ನೆಂಟ.

ಸೊರಗಿದ ಗಿಡವನ್ನು ಬದುಕಿಸುವ ವಿದ್ಯೆ ಬೆಳೆದದ್ದು ಹಡಗಿನ ಸಾಗಣೆಯಿಂದ. 1850ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹುಕರ್ ಖಾಸಿ ಬೆಟ್ಟಗಳಲ್ಲಿ ನೀಲಿ ವ್ಯಾಂಡಾವನ್ನು ಏಳು ಆಳು ಹೊರುವಷ್ಟು ಕಿತ್ತು ಲಂಡನ್ನಿನ ಕ್ಯೂ ತೋಟಕ್ಕೆ ಕಳಿಸಿದ. ಜೀವಂತ ಮುಟ್ಟಿದ್ದು ಕೆಲವೇ. ಅವನ ಜೊತೆಗೆ ಬಂದಿದ್ದ ಇನ್ನೊಬ್ಬರ ಮಾಲಿ ಕಳಿಸಿದ ಒಂದೇ ಹೊರೆ ಬಾಡಿ ಬಡಕಲಾಗಿ ತಲುಪಿತು, ಆದರೂ 300 ಪೌಂಡಿಗೆ ಮಾರಾಟವಾಯಿತು. ಅಷ್ಟು ದುಡ್ಡು ಸುರಿದವರಿಗೆ ಸಾಯುವ ಗಿಡವನ್ನು ಬದುಕಿಸಲೇಬೇಕಿತ್ತು. ಕಲಿಯುತ್ತ ಕಲಿಯುತ್ತ ಅವರು ಕಂಡುಕೊಂಡ ಕ್ರಮ ಇದು: ಬಂದ ಗಿಡವನ್ನು ಕೂಡಲೇ ಕುಂಡಕ್ಕೆ ಹಾಕಬಾರದು, ಬಿಸಿಲಿಗೆ ಇಡಬಾರದು, ನೀರು ಹೊಯ್ಯಬಾರದು. ಕೊಳೆತದ್ದನ್ನು ಕತ್ತರಿಸಿ, ನೆರಳಿನಲ್ಲಿ ತೇವದ ಗಾಳಿಗೆ ಇಟ್ಟು, ಹೊಸ ಬೇರಿನ ಹಸಿರು ತುದಿ ಕಾಣುವ ತನಕ ಕಾಯಬೇಕು.

ಅದೇ ಕಾಲದ ಇನ್ನೊಂದು ಉಪಾಯವೂ ನಮ್ಮ ಕೈಗೆ ಬಂದಿದೆ. ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯನ ಮನೆಯ ಜರೀಗಿಡಗಳು ಊರಿನ ಹೊಗೆಗೆ ಸಾಯುತ್ತಿದ್ದವು. 1829ರಲ್ಲಿ ಅವನು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಂದಿಗೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ಅದರೊಳಗೆ ಜರೀಗಿಡ ತಾನಾಗಿ ಹುಟ್ಟಿ ಸುಖವಾಗಿ ಬೆಳೆಯಿತು. ಗಾಜಿನಲ್ಲಿ ಮುಚ್ಚಿದರೆ ಗಿಡ ಬಿಟ್ಟ ಆವಿ ಗಿಡಕ್ಕೇ ಮರಳುತ್ತದೆ ಎಂದು ತಿಳಿದ ಅವನು ಗಾಜಿನ ಪೆಟ್ಟಿಗೆ ಮಾಡಿಸಿ 1833ರಲ್ಲಿ ಸಿಡ್ನಿಗೆ ಗಿಡ ಕಳಿಸಿ ನೋಡಿದ. ತಿಂಗಳುಗಟ್ಟಲೆ ಕಡಲ ಮೇಲಿದ್ದೂ ಅವು ಬದುಕಿದವು. ಬೇರು ಹೋದ ಫ್ಯಾಲೆನಾಪ್ಸಿಸ್ಸನ್ನು ನಾನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ, ಹಿಂಡಿದ ಪಾಚಿಯ ಮೇಲೆ ಕೂರಿಸಿ ಬಾಯಿ ಕಟ್ಟುವುದು ವಾರ್ಡನ ಪೆಟ್ಟಿಗೆಯ ಬಡವರ ರೂಪ.

ದುಡ್ಡಿನ ಆಸೆಯ ಇನ್ನೊಂದು ಮುಖ ಕಾಡಿನಲ್ಲಿತ್ತು. ಆಲ್ಬರ್ಟ್ ಮಿಲಿಕನ್ ಎಂಬ ಆರ್ಕಿಡ್ ಬೇಟೆಗಾರ 1891ರ ತನ್ನ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾನೆ. ದಕ್ಷಿಣ ಅಮೆರಿಕದಲ್ಲಿ ಸುಮಾರು 10,000 ಗಿಡಕ್ಕಾಗಿ ಉರುಳಿಸಿದ್ದು 4,000 ಮರ. ಬೀಜದಿಂದ ಬೆಳೆಸಲು ಬಂದಿದ್ದರೆ ಇಷ್ಟು ಮರ ಬೀಳುತ್ತಿರಲಿಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಮೊಳಕೆಗೆ ಬುತ್ತಿಯೇ ಇರುವುದಿಲ್ಲ. ಒಂದು ಶಿಲೀಂಧ್ರ ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆಂದು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡ. 1922ರಲ್ಲಿ ಅಮೆರಿಕದ ಲೂಯಿಸ್ ಕ್ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಕೊಟ್ಟು ಬಾಟಲಿಯಲ್ಲಿ ಮೊಳಕೆ ಬರಿಸಿದ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಚಿಗುರಿನ ತುದಿಯ ಕೆಲವೇ ಕೋಶಗಳಿಂದ ಇಡೀ ಗಿಡ ಪಡೆದ. ಅಲ್ಲಿಂದ ಆರ್ಕಿಡ್ ಶ್ರೀಮಂತರ ಗಾಜಿನ ಮನೆಯಿಂದ ಹೊರಬಿತ್ತು. ಲಕ್ಷಗಟ್ಟಲೆ ಬೆಳೆದ ಗಿಡ ಹೈದರಾಬಾದಿನ ನರ್ಸರಿಗೂ ಬಂತು, ಅಲ್ಲಿಂದ 1874ರ ಅದೇ ಹಳಿಯ ಮೇಲೆ ಯಾರದೋ ಮಡಿಲಲ್ಲಿ ಕೂತು ವಾಡಿ ಜಂಕ್ಷನ್ನಿನಲ್ಲಿ ಇಳಿಯಿತು.

ಇನ್ನೊಂದು ಆರ್ಕಿಡ್ ಎಲ್ಲಿಂದಲೂ ಇಳಿದು ಬಂದದ್ದಲ್ಲ. ಆಂಧ್ರದ ಕರಾವಳಿಯ ಸಾಮಲಕೋಟದಲ್ಲಿ ಗಿಡ ಬೆಳೆಸುತ್ತಿದ್ದ, ಮುಂದೆ ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥನಾದ ವಿಲಿಯಂ ರಾಕ್ಸ್‌ಬರ್ಗ್, ಕೋರಮಂಡಲ ಕರಾವಳಿಯ ಸಸ್ಯಗಳ ಮೇಲಿನ ತನ್ನ ಗ್ರಂಥದಲ್ಲಿ 1795ರಲ್ಲಿ ಒಂದು ವ್ಯಾಂಡಾದ ಚಿತ್ರ ಕೊಟ್ಟ. ಇಂದು ಅದರ ಹೆಸರು ವ್ಯಾಂಡಾ ಟೆಸೆಲೇಟಾ. ಹಳದಿ ಮಿಶ್ರಿತ ಎಸಳಿನ ಮೇಲೆ ಕಂದು ಚೌಕುಳಿ, ನಡುವೆ ನೀಲಿನೇರಳೆ ತುಟಿ, ಒಳ್ಳೆಯ ಪರಿಮಳ. ಎಲೆ ಉದುರುವ ಒಣ ಕಾಡಿನ, ಬಯಲಿನ ಮರಗಳ ಮೇಲೆ ಬದುಕುವ ಗಿಡ ಇದು. ತಿಂಗಳುಗಟ್ಟಲೆ ಮಳೆಯಿಲ್ಲದೆ, ಎಲೆಯುದುರಿದ ಕೊಂಬೆಯ ಮೇಲೆ ಬಿಸಿಲು ಕಾಯುತ್ತ ಕೂರುತ್ತದೆ. ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವ ಜಾಣತನ ಇಂಥ ಆರ್ಕಿಡ್‌ಗಳದು. ನಮ್ಮ ಚಿಂಚೋಳಿಯ ಕಾಡು ಅಂಥದೇ ಒಣ ಎಲೆಯುದುರು ಕಾಡು. 2011ರಲ್ಲಿ 134.88 ಚದರ ಕಿಲೋಮೀಟರ್ ಜಾಗ ವನ್ಯಜೀವಿಧಾಮವಾಯಿತು, ಅಲ್ಲಿಂದ ಗಿಡ ಕೀಳುವುದು ಅಪರಾಧ. ಚಂದ್ರಂಪಳ್ಳಿ ಜಲಾಶಯ ನೋಡಲು ಹೋದವರು, "ಟೀಚರ್ರೀ, ಅಡವ್ಯಾಗಿಂದು ಒಂದ್ ಕಿತ್ಕೊಂಡ್ ಬಂದ್ರ ಏನಾತ್ರಿ?" ಎಂದು ಕೇಳುವುದುಂಟು. ಕಾನೂನಿನ ಮಾತಿನ ಜೊತೆಗೆ ಮಿಲಿಕನ್ನನ ಲೆಕ್ಕವನ್ನೂ ಅವರಿಗೆ ಹೇಳುತ್ತೇನೆ. ಕೊಂಬೆಯಿಂದ ಕಿತ್ತಾಗ ತೊಗಟೆಗೆ ಅಂಟಿದ ಬೇರು ಹರಿಯುತ್ತದೆ, ಹರಿದ ಬೇರಿನ ಗಿಡ ನಮ್ಮ ಬೋರಿನ ನೀರಿಗೆ ಬದುಕುವುದಿಲ್ಲ. ನರ್ಸರಿಯವರು ಬಾಟಲಿಯಲ್ಲಿ ಬೆಳೆಸಿದ ವ್ಯಾಂಡಾ, ಡೆಂಡ್ರೋಬಿಯಂ ಮಾರುತ್ತಾರೆ. ನಮ್ಮ ಬೆಳಕಿಗೆ ಫ್ಯಾಲೆನಾಪ್ಸಿಸ್‌ಗಿಂತ ಅವೇ ಚೆನ್ನಾಗಿ ಒಗ್ಗುತ್ತವೆ.

ಈಗ ಕುಂಡ ಹಿಡಿದು ಬಾಗಿಲಲ್ಲಿ ನಿಂತವರ ವಿಷಯ. ಗಿಡವನ್ನು ಹೊರಗೆಳೆದು ಬೇರು ಒತ್ತಿ ನೋಡುವುದು ಮೊದಲ ಕೆಲಸ. ಗಟ್ಟಿಯಾಗಿದ್ದರೆ ಜೀವವಿದೆ, ಮೆತ್ತಗಾಗಿ ಸಿಪ್ಪೆ ಕಳಚಿ ಒಳಗಿನ ದಾರ ಉಳಿದರೆ ಸತ್ತಿದೆ. ಕತ್ತರಿಯನ್ನು ಗ್ಯಾಸಿನ ಉರಿಗೆ ಹಿಡಿದು ಆರಿಸಿ ಸತ್ತದ್ದನ್ನೆಲ್ಲ ತೆಗೆಯುತ್ತೇನೆ. ಕತ್ತರಿಸಿದ ಬಾಯಿಗೆ ಮಾತ್ರ ಒಂಚೂರು ದಾಲ್ಚಿನ್ನಿ ಪುಡಿ. ಒಳ್ಳೆಯ ಬೇರಿಗೆ ಅದು ತಾಗಬಾರದು, ಒಣಗಿಸಿಬಿಡುತ್ತದೆ. ಒಂದು ದಿನ ನೆರಳಿನಲ್ಲಿ ಹಾಗೆಯೇ ಬಿಟ್ಟು, ಬೇರಿದ್ದರೆ ತೂತುಗಳ ಕುಂಡಕ್ಕೆ, ಇಲ್ಲದಿದ್ದರೆ ಚೀಲಕ್ಕೆ. ಚೀಲದೊಳಗೆ ಬೂಷ್ಟು ಕಟ್ಟದಂತೆ ಆಗಾಗ ಬಾಯಿ ಬಿಚ್ಚಿ ಗಾಳಿಯಾಡಿಸಬೇಕು. ಚೀಲವನ್ನು ಬಿಸಿಲಿಗಿಟ್ಟರೆ ಗಿಡ ಬೆಂದೇ ಹೋಗುತ್ತದೆ.

ಕುಂಡದೊಳಗೆ ಇದ್ದಲಿನ ತುಂಡು, ಸುಟ್ಟ ಇಟ್ಟಿಗೆಯ ಚೂರು, ಚೆನ್ನಾಗಿ ತೊಳೆದ ತೆಂಗಿನ ಸಿಪ್ಪೆ ಸಾಕು. ಗಣಿಯೂರಿನವರು ಚೆಂದಕ್ಕೆಂದು ಫರ್ಸಿಯ ಚೂರು ತುಂಬುತ್ತಾರೆ. ಅದು ಪ್ರತಿ ಬಾರಿ ತೊಯ್ದಾಗಲೂ ಅಷ್ಟಷ್ಟು ಸುಣ್ಣ ಬಿಡುತ್ತದೆ. ಸಿಮೆಂಟಿನ ಕುಂಡದ್ದೂ ಅದೇ ಹಾಡು. ಮಣ್ಣಿನ ಕುಂಡಕ್ಕೋ ಪ್ಲಾಸ್ಟಿಕ್ಕಿನದಕ್ಕೋ ಬದಲಿಸಿ ಎನ್ನುತ್ತೇನೆ.

ನೀರಿಗೆ ನಾಲ್ಕು ದಾರಿಗಳಿವೆ. ಮಳೆನೀರು ಎಲ್ಲಕ್ಕಿಂತ ಮೇಲು. ಮೊದಲ ಒಂದೆರಡು ಮಳೆ ಮಾಡಿನ ಧೂಳು ತೊಳೆಯಲಿ, ಆಮೇಲಿನದನ್ನು ತಗಡಿನ ಮಾಡಿನಿಂದ ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿದು ಸೊಳ್ಳೆ ಹೋಗದಂತೆ ಮುಚ್ಚಿಡಬೇಕು. ಫರ್ಸಿ ಹೊದಿಸಿದ ಮಾಡಿನ ನೀರಿಗಿಂತ ತಗಡಿನದು ಮೆತ್ತಗೆ. ಎರಡನೆಯದು ಎಸಿಯಿಂದ ತೊಟ್ಟಿಕ್ಕುವ ನೀರು. ಗಾಳಿಯ ಆವಿ ತಣಿದು ಬಂದದ್ದಾದ್ದರಿಂದ ಅದರಲ್ಲಿ ಸುಣ್ಣ ಇರುವುದಿಲ್ಲ. ಮೂರನೆಯದು ಮನೆಯ ಆರ್‌ಒ ನೀರು, ನಾಲ್ಕನೆಯದು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದು. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಮಾತ್ರ ಮುಟ್ಟಬೇಡಿ, ತೆಗೆದ ಸುಣ್ಣವೆಲ್ಲ ಅದರಲ್ಲೇ ಕೂಡಿರುತ್ತದೆ. ಬೇರು ಬೆಳ್ಳಿಬಣ್ಣಕ್ಕೆ ತಿರುಗಿದ ಮೇಲೆ, ಬೆಳಗಿನ ಹೊತ್ತು, ಕುಂಡದ ತಳದಿಂದ ಹರಿದುಹೋಗುವಷ್ಟು ನೀರು ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನಿಂತ ಹನಿಯನ್ನು ಬಟ್ಟೆಯ ತುದಿಯಿಂದ ಒರೆಸಿ, ಫ್ಯಾಲೆನಾಪ್ಸಿಸ್ ಕೊಳೆಯಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಇಂಥ ಶುದ್ಧ ನೀರಿನಲ್ಲಿ ಉಣ್ಣಲು ಏನೂ ಇಲ್ಲ. ಹೊಸ ಬೇರು ಓಡತೊಡಗಿದ ಮೇಲೆ ಹದಿನೈದು ದಿನಕ್ಕೊಮ್ಮೆ, ತೊಗರಿಗೆ ಸಿಂಪಡಿಸುವ ಅದೇ 19:19:19 ಗೊಬ್ಬರ, ಲೀಟರಿಗೆ ಒಂದು ಸಣ್ಣ ಚಿಟಿಕೆ.

ಗಾಳಿಯ ಕೆಲಸವನ್ನು ಕೂಲರಿಗೆ ಬಿಡಿ. ಟ್ಯಾಂಕಿಗೆ ಗಡಸುನೀರೇ ಹಾಕಿದರೂ ಆವಿಯಾಗಿ ಹೊರಬರುವುದು ಬರೀ ನೀರು, ಸುಣ್ಣವೆಲ್ಲ ಹುಲ್ಲಿನಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ 43 ಡಿಗ್ರಿ ದಾಟಿದಾಗ ಪೂರ್ವದ ಕಿಟಕಿಯ ಹತ್ತಿರ, ಕೂಲರಿನ ಗಾಳಿ ನೇರ ಬಡಿಯದೆ ಬಳಸಿ ಹೋಗುವ ಕಡೆ ಕುಂಡ ಇಡಬೇಕು. ಗಿಡ ಎಲೆಯ ರಂಧ್ರ ತೆರೆಯುವುದು ರಾತ್ರಿಯಾದ್ದರಿಂದ ರಾತ್ರಿಯ ತಂಪು ಅದಕ್ಕೆ ಹೆಚ್ಚು ಮುಖ್ಯ. ಕಲ್ಲಿನ ಲಾರಿಗಳ ದಾರಿಯಲ್ಲಿ ಮನೆಯಿದ್ದರೆ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸಿ. ಹೂ ಬೇಕೆನ್ನುವವರು ನವೆಂಬರಿನಿಂದ ಜನವರಿಯವರೆಗೆ ಫ್ಯಾಲೆನಾಪ್ಸಿಸ್ ಕುಂಡವನ್ನು ರಾತ್ರಿ ಕಿಟಕಿಯ ತಂಪಿಗೆ ಬಿಡಿ. ಕೆಲವು ವಾರ ತಂಪಾದ ರಾತ್ರಿಗಳು ಸಿಕ್ಕರೆ ಹೂದಂಟು ಹೊರಡುತ್ತದೆ. ಸೊರಗಿ ಎದ್ದ ಗಿಡ ಆ ವರ್ಷವೇ ದಂಟು ಬಿಟ್ಟರೆ ಕತ್ತರಿಸಿ, ಮೊದಲು ಅದಕ್ಕೆ ಬೇರು ಬರಲಿ.

ಇಷ್ಟು ಕೇಳಿದ ಮೇಲೆ ಶಹಾಬಾದಿನವರು, "ಹಂಗಾದ್ರ ನಮ್ಮ ಕಲ್ಲ ಈ ಗಿಡಕ್ಕ ದುಶ್ಮನ್ ಅನ್ರಿ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಫರ್ಸಿಯ ಚೂರು ಹರಡಿ, ಬೋರಿನ ನೀರು ಹಾಕಿ, ನೀರಿಗೆ ತಳ ತಾಗದಂತೆ ಮೇಲೆ ಕುಂಡ ಕೂರಿಸಿದರೆ ಅದೇ ಕಲ್ಲು ಗಿಡದ ಸುತ್ತ ಒಂದಿಷ್ಟು ತೇವದ ಗಾಳಿ ಏಳಿಸುತ್ತದೆ. ಪ್ಯಾಕ್ಸ್‌ಟನ್ ದಾರಿಗೆ ನೀರು ಹೊಡೆದು ಮಾಡಿದ್ದೂ ಇದನ್ನೇ. ಕಲ್ಲು ಕುಂಡದ ಕೆಳಗಿರಲಿ, ಒಳಗೆ ಬೇಡ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರು ಆರ್ಕಿಡ್ ಕೊಳ್ಳುವ ಮೊದಲು ಡ್ರಮ್ ಕೊಳ್ಳಲಿ. ಮೃಗಶಿರಾ ಮಳೆ ಹಿಡಿದಿಟ್ಟ ಮನೆಗೆ ಗಿಡ ಆಮೇಲೆ ಬಂದರೂ ನಡೆಯುತ್ತದೆ.